ಕೆರೆಯ ಪುಸ್ತಕ ಯಾರ ಮನೆಯಲ್ಲಿರಬೇಕು

ಹೋದ ವಾರ ಬೆಂಗಳೂರಿನಿಂದ ಒಬ್ಬರು ಫೋನ್ ಮಾಡಿದ್ದರು. ಯಾವುದೋ ವರದಿಗೆ ನಮ್ಮ ಕೆರೆಯ ಹಳೆಯ ಹಕ್ಕಿ ಲೆಕ್ಕ ಬೇಕಾಗಿತ್ತಂತೆ. ‘ಪುಸ್ತಕ ನನ್ನ ಹತ್ರ ಇಲ್ಲ ಮೇಡಂ, ಮೀನಿನ ಸಂಘದ ಅಣ್ಣನ ಮನೇಲಿದೆ. ಅವರು ಬಲೆ ಎತ್ತಿ ಮನೆಗೆ ಬರೋದು ಎಂಟು ಗಂಟೆಗೆ, ಆಮೇಲೆ ಮಾಡಿ’ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ಒರಿಜಿನಲ್ಲೂ ಅಲ್ಲೇ ಇದೆಯಾ?’ ಅಂತ ಕೇಳಿದರು. ಅಲ್ಲೇ ಇದೆ. ಅಲ್ಲಿಗೆ ಹೋಗಿ ಸೇರೋಕೆ ಅದಕ್ಕೆ ಐದು ವರ್ಷ ಹಿಡಿಯಿತು, ಅದನ್ನೆಲ್ಲ ಫೋನಿನಲ್ಲಿ ಹೇಳಲು ಹೋಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ನನ್ನದು ನಂಜನಗೂಡು ಸೀಮೆಯ ಒಂದು ಹೋಬಳಿ ಊರಿನಲ್ಲಿ ಜೆರಾಕ್ಸ್ ಅಂಗಡಿ. ಪಹಣಿ, ಆಧಾರ್, ಪಿಂಚಣಿ ಅರ್ಜಿ, ಮದುವೆಯ ಲಗ್ನಪತ್ರಿಕೆ, ಎಲ್ಲ ನನ್ನ ಗಾಜಿನ ಮೇಲೆ ಒಂದು ಸಲ ಮಲಗಿಯೇ ಹೋಗಬೇಕು. 2017ರ ಜನವರಿ ಮೊದಲ ವಾರ ನಿವೃತ್ತ ಮೇಷ್ಟ್ರೊಬ್ಬರು ಹಕ್ಕಿಗಳ ಹೆಸರಿನ ಪಟ್ಟಿ ತಂದು ಇಪ್ಪತ್ತು ಪ್ರತಿ ಕೇಳಿದರು. ಅವರು ನನಗೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವರು, ದುಡ್ಡು ಬೇಡ ಸಾರ್ ಅಂದೆ. ‘ದುಡ್ಡು ಬೇಡ ಅಂದ್ರೆ ಭಾನುವಾರ ಬೆಳಿಗ್ಗೆ ಆರಕ್ಕೆ ಏರಿ ಮೇಲೆ ಬಂದು ನಿಂತ್ಕೋ, ಬರೆಯೋಕೆ ಒಬ್ರು ಬೇಕು’ ಅಂದರು. ದುಡ್ಡು ತಗೊಂಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಚಳಿಗಾಲದ ನೀರುಹಕ್ಕಿ ಗಣತಿ ನಮ್ಮ ದೇಶದಲ್ಲಿ 1987ರಿಂದ ನಡೆದುಕೊಂಡು ಬಂದಿದೆ. ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್ ಅನ್ನುತ್ತಾರೆ. ವೆಟ್‌ಲ್ಯಾಂಡ್ಸ್ ಇಂಟರ್‌ನ್ಯಾಷನಲ್ ಮತ್ತು ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ (ಬಿ.ಎನ್.ಎಚ್.ಎಸ್.) ಸೇರಿ ನಡೆಸುವ ಕೆಲಸ. ಮೈಸೂರು ಭಾಗದಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಬಳಗದವರು ವರ್ಷಗಳಿಂದ ಕೆರೆ ಕೆರೆ ಸುತ್ತಿ ಎಣಿಸಿದ್ದಾರೆ. ಇದ್ಯಾವುದೂ ನನಗೆ ಆಗ ಗೊತ್ತಿರಲಿಲ್ಲ. ಕೆರೆಯಲ್ಲಿ ಇರುವುದೆಲ್ಲ ಕೊಕ್ಕರೆ, ತೇಲುವುದೆಲ್ಲ ಬಾತು ಅಂದುಕೊಂಡಿದ್ದವನು ನಾನು.

ಆವತ್ತು ಮಂಜು ಕರಗುವ ಹೊತ್ತಿಗೆ ಹಿನ್ನೀರಿನ ಕೆಸರಿನಲ್ಲಿ ಬೂದು ಬಣ್ಣದ ಒಂದು ಸಂತೆಯೇ ಕೂತಿತ್ತು. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಕಿತ್ತಳೆ ಕಾಲು. ಪಟ್ಟೆತಲೆ ಹೆಬ್ಬಾತು. ಹಗಲು ಕೆರೆಯಲ್ಲಿ ತೂಕಡಿಸಿ, ಕತ್ತಲಾದ ಮೇಲೆ ಕುಯ್ಲಾದ ಗದ್ದೆಗಳಿಗೆ ಮೇಯಲು ಹೋಗುತ್ತವೆ ಅಂತ ಮೇಷ್ಟ್ರು ಹೇಳಿದರು. ಎಣಿಸೋದು ಹೇಗೆ ಅಂತಲೂ ಹೇಳಿಕೊಟ್ಟರು: ಒಂದೊಂದೇ ಎಣಿಸಿದರೆ ಅರ್ಧಕ್ಕೆ ಬರುವಷ್ಟರಲ್ಲಿ ಅವು ಜಾಗ ಬದಲಿಸಿರುತ್ತವೆ. ಹತ್ತು ಎಣಿಸು, ಆ ಹತ್ತು ಎಷ್ಟು ಜಾಗ ಹಿಡಿದಿವೆ ಅಂತ ಕಣ್ಣಲ್ಲೇ ಹಿಡಿ, ಆಮೇಲೆ ಅದೇ ಅಳತೆಯನ್ನು ಗುಂಪಿನ ಉದ್ದಕ್ಕೂ ಇಟ್ಟುಕೊಂಡು ಹೋಗು. ಸೇರಿನಲ್ಲಿ ರಾಗಿ ಅಳೆದ ಹಾಗೆ. ನಾನು ಅಳೆದದ್ದು 212, ಮೇಷ್ಟ್ರದ್ದು 187. ಯಾವುದನ್ನ ಬರೀಲಿ ಅಂದೆ. ‘ಎರಡೂ ಬರಿ, ಪಕ್ಕದಲ್ಲಿ ಯಾರು ಎಣಿಸಿದ್ದು ಅಂತಲೂ ಬರಿ’ ಅಂದರು. ಹಾಗೆ ಶುರುವಾದದ್ದು ಆ ಪುಸ್ತಕ. ಅಂಗಡಿಯಲ್ಲಿ ಮಾರಾಟಕ್ಕಿದ್ದ, ರಟ್ಟಿನ ತುದಿ ಮುದುರಿದ್ದರಿಂದ ಯಾರೂ ಕೊಳ್ಳದ ಇನ್ನೂರು ಪುಟದ ಉದ್ದ ನೋಟ್‌ಬುಕ್ಕು.

ಎರಡನೇ ವರ್ಷ ಒಂದು ಪೇಚಿಗೆ ಸಿಕ್ಕಿದೆವು. ನಾವು ಶನಿವಾರ ಎಣಿಸಿದೆವು. ನಾಲ್ಕು ಕಿಲೋಮೀಟರ್ ಆಚೆಯ ಇನ್ನೊಂದು ಕೆರೆಯಲ್ಲಿ ಒಂದು ಕಾಲೇಜಿನ ಹುಡುಗರು ಭಾನುವಾರ ಎಣಿಸಿದರು. ಇಬ್ಬರಿಗೂ ಇನ್ನೂರರ ಹತ್ತಿರ ಹೆಬ್ಬಾತು ಸಿಕ್ಕವು. ಕೂಡಿಸಿ ನಾನೂರು ಅಂತ ಕಳಿಸಿದೆವು, ಖುಷಿಯೋ ಖುಷಿ. ಮೇಷ್ಟ್ರಿಗೆ ಮಾತ್ರ ಅನುಮಾನ. ಮುಂದಿನ ವಾರ ಒಬ್ಬನನ್ನು ಅಲ್ಲಿ ನಿಲ್ಲಿಸಿ, ಇಲ್ಲಿ ತಾವು ನಿಂತು, ಫೋನಿನಲ್ಲಿ ಮಾತಾಡಿಕೊಂಡೇ ನೋಡಿದರು. ಇಲ್ಲಿಂದ ಎದ್ದ ಗುಂಪು ಹದಿನೈದು ನಿಮಿಷಕ್ಕೆಲ್ಲ ಅಲ್ಲಿ ಇಳಿಯಿತು. ನಮ್ಮ ಇನ್ನೂರೂ ಅವರ ಇನ್ನೂರೂ ಒಂದೇ ಇನ್ನೂರು.

ನನಗೆ ಆವತ್ತೇ ಒಂದು ವಿಷಯ ತಲೆಗೆ ಹೋಯಿತು. ಒಂದು ಊರಿನ ನಾಲ್ಕು ಜನ ಎಷ್ಟೇ ಶ್ರದ್ಧೆಯಿಂದ ಎಣಿಸಲಿ, ಪಕ್ಕದ ಊರಿನವರು ಅದೇ ಬೆಳಿಗ್ಗೆ ಅದೇ ಹೊತ್ತಿಗೆ ಎಣಿಸದೆ ಹೋದರೆ ಆ ಲೆಕ್ಕ ಪೂರ್ತಿಯಾಗಲ್ಲ. ಹಕ್ಕಿಗೆ ಪಂಚಾಯ್ತಿ ಗಡಿ ಇಲ್ಲ ಅಂತ ಭಾಷಣದಲ್ಲಿ ಹೇಳೋದು ಬೇರೆ, ಗಡಿ ಇಲ್ಲದ್ದರಿಂದ ಲೆಕ್ಕ ತಪ್ಪಿದಾಗ ಆಗುವ ಮುಜುಗರ ಬೇರೆ. ಅಂತೂ 2019ಕ್ಕೆ ಒಂಬತ್ತು ಕೆರೆ, ಐದು ಗುಂಪು ಆದವು. ನಮ್ಮ ಬಳಗ, ಕಾಲೇಜಿನವರು, ಮೈಸೂರಿನ ಹಳಬರು ಕೆಲವರು, ಹತ್ತಿರದ ಹಳ್ಳಿಯ ಯುವಕ ಸಂಘ, ಜೊತೆಗೆ ಬೆಂಗಳೂರಿನ ಒಂದು ಸಂಸ್ಥೆ. ಒಳ್ಳೆಯ ದೂರದರ್ಶಕ, ಸ್ಟ್ಯಾಂಡು, ಜೀಪು ಇದ್ದದ್ದು ಅವರ ಹತ್ತಿರ. ಅವರ ಹೆಸರು ಹೇಳುವುದಿಲ್ಲ, ಮುಂದೆ ಅವರೊಂದಿಗೆ ಜಗಳವಿದೆ.

ಆ ಜನವರಿಯ ಗಣತಿಯ ದಿನ ಕೆರೆಯಲ್ಲಿ ತೆಪ್ಪ ಹಾಕಿಕೊಂಡು ಬಲೆ ಎತ್ತುತ್ತಿದ್ದ ಮೀನುಗಾರರ ಸಂಘದ ಅಣ್ಣ ನಮ್ಮ ಹತ್ತಿರ ಬಂದು, ಬೀಡಿ ಹಚ್ಚಿ, ‘ಆ ಹಸ್ರು ತಾಳಿ ಕಟ್ಕಂಡಿರೋ ಬಾತ ನೋಡುದ್ರಾ?’ ಅಂದರು. ಯಾವ ತಾಳಿ? ‘ಕತ್ನಲ್ಲಿ ಹಸ್ರು ಪಟ್ಟಿ ಅದ ಕನಣ್ಣ. ಹೋದೊರ್ಸನೂ ಬಂದಿತ್ತು.’ ನಾವು ಐದು ಜನ ದುರ್ಬೀನು ಹಾಕಿಕೊಂಡು ಎರಡು ಗಂಟೆಯಿಂದ ನೋಡಿದ್ದೆವು, ಒಬ್ಬರಿಗೂ ಕಂಡಿರಲಿಲ್ಲ. ಪಟ್ಟಿಯ ಮೇಲೆ ಏನಾದರೂ ಬರೆದಿತ್ತಾ ಅಂತ ಮೇಷ್ಟ್ರು ಕೇಳಿದರು. ಅವರು ಬೀಡಿ ಕಟ್ಟಿನ ಕಾಗದದ ಮೇಲೆ ನನ್ನ ಪೆನ್ನು ಇಸಕೊಂಡು ಬರೆದರು. ಮೊದಲು ಒಂದು ಏಣಿ, ಬರೀ ಒಂದೇ ಮೆಟ್ಟಿಲಿನ ಏಣಿ. ಪಕ್ಕದಲ್ಲಿ ಎರಡು ಅಂಕಿ. ‘ಅಂಕಿ ಗೊತ್ತು, ಏಣಿ ಏನು ಅಂತ ಗೊತ್ತಿಲ್ಲ’ ಅಂದರು. ಇಂಗ್ಲಿಷಿನ ಎಚ್!

ನಂಬಿದೆವಾ? ಇಲ್ಲ. ನಾವೇ ನೋಡಬೇಕಲ್ಲ. ದೂರದರ್ಶಕ ನೆಟ್ಟು ಕೂತೆವು. ಹೆಬ್ಬಾತು ಕೊಕ್ಕನ್ನು ಬೆನ್ನ ಗರಿಗೆ ಸಿಕ್ಕಿಸಿ ಮಲಗಿದರೆ ಕತ್ತೇ ಕಾಣುವುದಿಲ್ಲ. ಎದ್ದರೆ ಪಕ್ಕದ್ದು ಅಡ್ಡ ನಿಲ್ಲುತ್ತದೆ. ನೀರಿನ ಮೇಲಿನ ಬಿಸಿಲುಕುದುರೆಯಲ್ಲಿ ಅಕ್ಷರ ಕುಣಿಯುತ್ತದೆ. ಒಂದು ಗಂಟೆ ಹತ್ತು ನಿಮಿಷ ಆದ ಮೇಲೆ ಏರಿ ಮೇಲೆ ಒಂದು ನಾಯಿ ಓಡಿತು, ಗುಂಪಿಗೆ ಗುಂಪೇ ಕತ್ತು ನೆಟ್ಟಗೆ ಮಾಡಿತು. ಆಗ ಕಂಡಿತು. ಏಣಿ, ಅದರ ಪಕ್ಕ ಅದೇ ಎರಡು ಅಂಕಿ, ಒಂದೂ ತಪ್ಪಿಲ್ಲ. ಬೀಡಿ ಕಾಗದವನ್ನು ಮೇಷ್ಟ್ರು ಪುಸ್ತಕದೊಳಕ್ಕೆ ಅಂಟಿಸಿದರು, ಇವತ್ತಿಗೂ ಇದೆ.

ಕತ್ತಿನ ಪಟ್ಟಿಯ ವಿವರವನ್ನು ಬೆಂಗಳೂರಿನ ಸಂಸ್ಥೆಯ ಹುಡುಗಿ ಮಂಗೋಲಿಯಾಕ್ಕೆ ಮೇಲ್ ಮಾಡಿದಳು. ಅಲ್ಲಿನ ವನ್ಯಜೀವಿ ವಿಜ್ಞಾನಿಗಳು ಈ ಹೆಬ್ಬಾತುಗಳಿಗೆ ಪಟ್ಟಿ ಹಾಕುವುದು ಬೇಸಿಗೆಯಲ್ಲಿ, ರೆಕ್ಕೆಯ ಗರಿಗಳನ್ನೆಲ್ಲ ಒಟ್ಟಿಗೇ ಉದುರಿಸಿಕೊಂಡು ಅವು ಹಾರಲಾಗದೆ ಇರುವ ಕೆಲವು ವಾರಗಳಲ್ಲಿ. ಈ ಕೆಲಸಕ್ಕೆ ಜೋರು ಬಂದದ್ದು 2005ರ ಆಮೇಲೆ. ಆ ವರ್ಷ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರ ಬಂದು ಸಾವಿರಾರು ಹಕ್ಕಿ ಸತ್ತವು, ಅದರಲ್ಲಿ ಹೆಚ್ಚಿನವು ಇದೇ ಪಟ್ಟೆತಲೆಗಳು. ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಅಂತ ತಿಳಿಯಬೇಕಾದರೆ ಪಟ್ಟಿ ಹಾಕುವವರು ಒಂದು ಕಡೆ, ಓದುವವರು ಇನ್ನೊಂದು ಕಡೆ ಇರಬೇಕು. ಐದು ದಿನಕ್ಕೆ ಉತ್ತರ ಬಂತು: ಹೌದು, ನಮ್ಮದೇ ಹಕ್ಕಿ, ಮಂಗೋಲಿಯಾದ ನಡುಭಾಗದ ಒಂದು ಸರೋವರದಲ್ಲಿ ಪಟ್ಟಿ ಹಾಕಿದ್ದು. ನೇರ ಗೆರೆ ಎಳೆದರೂ ಇಲ್ಲಿಗೆ ನಾಲ್ಕು ಸಾವಿರ ಕಿಲೋಮೀಟರಿನ ಮೇಲಾಗುತ್ತದೆ, ನಡುವೆ ಹಿಮಾಲಯ. ಈ ಜಾತಿಯ ಹಕ್ಕಿಗೆ ಯಂತ್ರ ಕಟ್ಟಿ ನೋಡಿದವರು ಏಳು ಸಾವಿರ ಮೀಟರಿಗೂ ಮೇಲೆ ಹಾರಿದ್ದನ್ನು ದಾಖಲು ಮಾಡಿದ್ದಾರೆ. ಅದನ್ನು ಅಣ್ಣನಿಗೆ ಹೇಳಿದೆ. ಸ್ವಲ್ಪ ಹೊತ್ತು ಕೆರೆ ಕಡೆ ನೋಡಿ, ‘ಅಷ್ಟು ದೂರದಿಂದ ಬಂದು ನಮ್ಮ ಕೆಸ್ರಲ್ಲಿ ಕೂತ್ಕತ್ತವಲ್ಲ, ಏನ್ ಕಂಡಿದ್ದಾವು!’ ಅಂದರು.

ಇಷ್ಟರವರೆಗೆ ಎಲ್ಲ ಚೆನ್ನಾಗಿತ್ತು. ಮುಂದಿನ ವಾರ ಪತ್ರಿಕೆಯಲ್ಲಿ ಸುದ್ದಿ ಬಂತು, ಚಿತ್ರಸಮೇತ. ಮಂಗೋಲಿಯಾದ ಹಕ್ಕಿ ಪತ್ತೆ ಹಚ್ಚಿದ್ದು ಬೆಂಗಳೂರಿನ ಸಂಸ್ಥೆ ಅಂತ. ಮೇಷ್ಟ್ರ ಹೆಸರಿಲ್ಲ, ಊರಿನ ಹೆಸರಿನಲ್ಲೂ ತಪ್ಪು, ಅಣ್ಣನ ಮಾತಂತೂ ಕೇಳಲೇಬೇಡಿ. ಹುಡುಗಿ ಪಾಪ, ತಾನು ಎಲ್ಲರ ಹೆಸರೂ ಕೊಟ್ಟಿದ್ದೆ, ಕಚೇರಿಯಲ್ಲಿ ಕತ್ತರಿಸಿದರು ಅಂತ ಅತ್ತುಕೊಂಡಳು. ಇದ್ದರೂ ಇರಬಹುದು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎರಡು ದಿನ ಕುರುಕ್ಷೇತ್ರ. ಕಾಲೇಜಿನ ಹುಡುಗನೊಬ್ಬ ‘ನಮ್ಮ ಡೇಟಾ ನಮಗೆ ವಾಪಸ್ ಕೊಡಿ’ ಅಂತ ಬರೆದ. ವಾಪಸ್ ಕೊಡೋಕೆ ಅದೇನು ಚೆಂಬೇ? ಮೈಸೂರಿನ ಹಿರಿಯರೊಬ್ಬರು ಸಮಾಧಾನ ಹೇಳಲು ಬಂದು ತಾವೇ ಸಿಟ್ಟಾಗಿ ಗುಂಪು ಬಿಟ್ಟರು.

2020ರಲ್ಲಿ ಬೆಂಗಳೂರಿನವರು ಒಂದು ಭಾನುವಾರ ಎಣಿಸಿದರು, ನಾವು ಮುಂದಿನ ಭಾನುವಾರ. ಅವರ ಪುಸ್ತಕ ಬೇರೆ, ನಮ್ಮದು ಬೇರೆ. ಪುಸ್ತಕವನ್ನು ಮೇಷ್ಟ್ರು ತಮ್ಮ ಮನೆಯ ಬೀರುವಿನಲ್ಲಿಟ್ಟು ಬೀಗ ಹಾಕಿದರು, ನನಗೂ ಕೊಡಲಿಲ್ಲ. ಆ ವರ್ಷದ ನಮ್ಮ ಲೆಕ್ಕವನ್ನು ಇವತ್ತಿಗೂ ಯಾವುದಕ್ಕೂ ಕೂಡಿಸಲು ಬರುವುದಿಲ್ಲ. ಒಂದು ಕೆರೆಗೆ ಹೆಬ್ಬಾತು 240, ಇನ್ನೊಂದು ಪುಸ್ತಕದಲ್ಲಿ ಅದೇ ಕೆರೆಗೆ 35. ಎರಡೂ ಸರಿ ಇರಬಹುದು. ಅದೇ ಫೆಬ್ರವರಿಯಲ್ಲಿ ಗಾಂಧಿನಗರದಲ್ಲಿ ವಲಸೆ ಪ್ರಾಣಿಗಳ ಬಗ್ಗೆ ದೇಶದೇಶಗಳವರೆಲ್ಲ ಸೇರಿ ಸಮ್ಮೇಳನ ಮಾಡಿದರು. ಸೈಬೀರಿಯಾದಿಂದ ನಮ್ಮವರೆಗಿನ ಹಕ್ಕಿದಾರಿಯಲ್ಲಿ ಬರುವ ಮೂವತ್ತು ದೇಶ ಒಟ್ಟಾಗಿ ಕೆಲಸ ಮಾಡಬೇಕು ಅಂತ ಪೇಪರಿನಲ್ಲಿ ಓದಿದೆ. ನಗು ಬಂತು. ಇಲ್ಲಿ ನಾಲ್ಕು ಕಿಲೋಮೀಟರಿನೊಳಗೆ ಎರಡು ಗುಂಪು ಮಾತಾಡುತ್ತಿರಲಿಲ್ಲ.

ಕೊರೋನಾ ಬಂತು, ಹೋಯಿತು. ಮತ್ತೆ ನಮ್ಮನ್ನು ಸೇರಿಸಿದ್ದು ಹಕ್ಕಿಯ ಪ್ರೀತಿಯಲ್ಲ, ಜೆಸಿಬಿ. 2021ರ ಡಿಸೆಂಬರಿನಲ್ಲಿ ಗುತ್ತಿಗೆದಾರರ ಕಡೆಯ ಹುಡುಗನೊಬ್ಬ ಒಂದು ಎಸ್ಟಿಮೇಟನ್ನು ಜೆರಾಕ್ಸ್ ಮಾಡಿಸಲು ತಂದ. ಗಿರಾಕಿಯ ಕಾಗದ ಓದಬಾರದು ಅನ್ನುವುದು ನಮ್ಮ ಕಸುಬಿನ ನಿಯತ್ತು. ಆದರೆ ಕೆರೆಯ ಹೆಸರು ದಪ್ಪಕ್ಷರದಲ್ಲಿತ್ತು, ಕಣ್ಣು ಮುಚ್ಚಿಕೊಂಡು ಜೆರಾಕ್ಸ್ ಮಾಡೋಕಾಗಲ್ಲ. ಹೂಳೆತ್ತುವುದು, ಏರಿ ಬಲಪಡಿಸುವುದು, ಸುತ್ತ ಕಲ್ಲು ಕಟ್ಟುವುದು. ಕೆಲಸ ಜನವರಿಯಲ್ಲಿ ಶುರು, ಮಾರ್ಚ್ 31ರೊಳಗೆ ಬಿಲ್ ಆಗಬೇಕು. ಅಂದರೆ ಹೆಬ್ಬಾತುಗಳು ಇರುವ ತಿಂಗಳುಗಳಲ್ಲೇ, ಅವು ಕೂರುವ ಜಾಗದಲ್ಲೇ.

ಇಲ್ಲಿ ಒಂದು ಮಾತು ಹೇಳಬೇಕು. ಹೂಳೆತ್ತಬೇಡಿ ಅಂತ ನಾವು ಹೇಳುವ ಹಾಗೇ ಇರಲಿಲ್ಲ. ಅಚ್ಚುಕಟ್ಟಿನ ರೈತರು ಹತ್ತು ವರ್ಷದಿಂದ ಅದಕ್ಕೇ ಅರ್ಜಿ ಹಾಕಿದ್ದರು, ಅರ್ಧ ಅರ್ಜಿಗಳನ್ನು ಟೈಪ್ ಮಾಡಿಕೊಟ್ಟವನೇ ನಾನು. ಕೆರೆಗೋಡು ಹೊಲಕ್ಕೆ ಹಾಕಿದರೆ ಎರಡು ವರ್ಷ ಗೊಬ್ಬರದ ಖರ್ಚು ತಗ್ಗುತ್ತದೆ. ಹಕ್ಕಿ ಹೆಸರಿನಲ್ಲಿ ಅಡ್ಡ ನಿಂತಿದ್ದರೆ ಊರಿಗೆ ಊರೇ ನಮ್ಮನ್ನು ಅಟ್ಟಿಸಿಕೊಂಡು ಬರುತ್ತಿತ್ತು, ನ್ಯಾಯವಾಗಿಯೇ. ಪ್ರಶ್ನೆ ಇದ್ದದ್ದು ಹೂಳು ತೆಗೆಯುವ ರೀತಿಯಲ್ಲಿ. ಈಗಿನ ಯಂತ್ರಗಳು ಕೆರೆಯನ್ನು ಬಟ್ಟಲು ಮಾಡಿಬಿಡುತ್ತವೆ, ಅಂಚು ಕಡಿದು ನಡುವೆ ಆಳ. ನೀರೇನೋ ನಿಲ್ಲುತ್ತದೆ, ಆದರೆ ಮೊಳಕಾಲುದ್ದದ ನೀರು ಎಲ್ಲೂ ಇರುವುದಿಲ್ಲ. ನೀರುಕಾಗೆ, ಹೆಜ್ಜಾರ್ಲೆಗಳಿಗೆ ಪರವಾಗಿಲ್ಲ. ಕೆಸರಿನಲ್ಲಿ ನಡೆದು ತಿನ್ನುವ ಮೆಟ್ಟುಗಾಲು ಹಕ್ಕಿ, ಗೊರವ, ದಡದಲ್ಲಿ ಮಲಗುವ ಹೆಬ್ಬಾತು, ಇವಕ್ಕೆ ಕಾಲಿಡಲು ಜಾಗ ಇಲ್ಲ.

ನಾನೇ ಮೊದಲು ಬೆಂಗಳೂರಿನ ಹುಡುಗಿಗೆ ಫೋನ್ ಮಾಡಿದೆ. ಮಾರನೇ ದಿನವೇ ಬಂದಳು, ಈ ಸಲ ಬಸ್ಸಿನಲ್ಲಿ. ಮಾರಮ್ಮನ ಗುಡಿ ಜಗಲಿಯ ಮೇಲೆ ಸಭೆ. ರೈತರು, ಯುವಕ ಸಂಘ, ಕಾಲೇಜಿನವರು, ಮೇಷ್ಟ್ರು, ಮೀನಿನ ಸಂಘ. ರೈತರ ಪರವಾಗಿ ಒಬ್ಬ ಹಿರಿಯರು ಒಂದೇ ಪ್ರಶ್ನೆ ಕೇಳಿದರು: ‘ನಿಮ್ ಹಕ್ಕಿ ಕೂತ್ಕಳಾದು ಎಲ್ಲಿ? ಇಡೀ ಕೆರೆನೂ ಬೇಕಾ, ಒಂದು ಮೂಲೆ ಸಾಕಾ? ಅದ ಹೇಳಿ ಬುದ್ಧೀ, ಮಿಕ್ಕಿದ್ದ ಮಾತಾಡವ.’

ಅದಕ್ಕೆ ಉತ್ತರ ಯಾರ ಹತ್ತಿರವೂ ಪೂರ್ತಿ ಇರಲಿಲ್ಲ. ಮೊದಲ ಮೂರು ವರ್ಷದ್ದು ಮೇಷ್ಟ್ರ ಬೀರುವಿನಲ್ಲಿ. 2020ರದ್ದು ಎರಡು ಪುಸ್ತಕದಲ್ಲಿ. ಬೆಂಗಳೂರಿನವರು ಕೆರೆಯನ್ನು ನಾಲ್ಕು ಭಾಗ ಮಾಡಿ ಬರೆದಿದ್ದರು, ನಾವು ‘ಆಲದ ಮರದ ಹತ್ರ’, ‘ಕೋಡಿ ಕಡೆ’ ಅಂತ ಬರೆದಿದ್ದೆವು. ಆ ರಾತ್ರಿ ಅಂಗಡಿ ಬಾಗಿಲು ಅರ್ಧ ಎಳೆದು, ಎರಡೂ ಪುಸ್ತಕ ಟೇಬಲ್ಲಿನ ಮೇಲೆ ಬಿಚ್ಚಿಟ್ಟು ಕೂತೆವು. ಮೇಷ್ಟ್ರು ಬೀರುವಿನಿಂದ ಪುಸ್ತಕ ತಂದು ಹುಡುಗಿಯ ಮುಂದೆ ಇಟ್ಟ ರೀತಿ ನೋಡಬೇಕಿತ್ತು, ಮಗಳನ್ನು ಗಂಡನ ಮನೆಗೆ ಕಳಿಸುವ ಹಾಗೆ. ಹುಡುಗಿ ಕೆರೆಯ ನಕ್ಷೆಯನ್ನು ಎ3 ಹಾಳೆಯಲ್ಲಿ ತೆಗೆಸಿದಳು, ದುಡ್ಡು ಕೊಟ್ಟೇ. ಒಂದೊಂದು ಸಾಲಿಗೂ ಒಂದೊಂದು ಚುಕ್ಕೆ. ಗೊತ್ತಾಗದ ಕಡೆ ಅಣ್ಣನನ್ನು ಕೇಳುತ್ತಿದ್ದೆವು. ಅವರು ಮೂಲೆಯಲ್ಲಿ ಕಾಗದದ ಬಂಡಲಿನ ಮೇಲೆ ಕೂತು, ‘ಅಲ್ಲಿ ನೀರು ಎದೆ ಮಟ್ಟ, ಅಲ್ಯಾಕ್ ಕೂತಾವು, ಇನ್ನಷ್ಟು ಮ್ಯಾಕೆ ಹಾಕಿ’ ಅಂತ ಚುಕ್ಕೆ ಸರಿಸುತ್ತಿದ್ದರು. ಕೆರೆಯ ತಳ ಕಾಲಿನಲ್ಲಿ ಗೊತ್ತಿದ್ದದ್ದು ಅಲ್ಲಿ ಅವರೊಬ್ಬರಿಗೇ.

ಒಂದೂವರೆಯ ಹೊತ್ತಿಗೆ ನಕ್ಷೆ ತಾನಾಗಿ ಮಾತಾಡಿತು. ಏರಿಯ ಕಡೆಯ ಅರ್ಧದಲ್ಲಿ ಚುಕ್ಕೆಯೇ ಇಲ್ಲ. ಪೂರ್ವದ ಹಿನ್ನೀರಿನ ಕಡೆ, ಹಳ್ಳ ಬಂದು ಸೇರುವ ಇಳಿಜಾರಿನಲ್ಲಿ ಜೇನುಗೂಡಿನ ಹಾಗೆ ಚುಕ್ಕೆ. ಇಡೀ ಕೆರೆಯಲ್ಲಿ ಕಾಲು ಭಾಗಕ್ಕಿಂತ ಕಡಿಮೆ. ರೈತರಿಗೆ ಒಳ್ಳೆಯ ಗೋಡು ಇದ್ದದ್ದು ತೂಬಿನ ಕಡೆಯೇ.

ಅದೇ ರಾತ್ರಿ ಒಡಂಬಡಿಕೆಯನ್ನೂ ಟೈಪ್ ಮಾಡಿದೆ, ಒಂದೇ ಪುಟ. ಎಲ್ಲರೂ ಒಂದೇ ಬೆಳಿಗ್ಗೆ ಎಣಿಸಬೇಕು. ಒಂದೇ ಪುಸ್ತಕ, ಪ್ರತಿ ವರ್ಷ ಐದು ಜೆರಾಕ್ಸ್, ಗುಂಪಿಗೊಂದು. ಪತ್ರಿಕೆಗೆ ಹೋಗುವ ಮುಂಚೆ ಎಲ್ಲರೂ ನೋಡಬೇಕು, ಹೆಸರು ಹಾಕುವುದಾದರೆ ಅಕಾರಾದಿಯಾಗಿ. ಇಷ್ಟಕ್ಕೆ ಯಾರದ್ದೂ ತಕರಾರಿಲ್ಲ. ಜಗಳವಾದದ್ದು ಬೋರ್ಡಿಗೆ! ಬೆಂಗಳೂರಿನವರ ಹತ್ತಿರ ಒಂದಷ್ಟು ಹಣವಿತ್ತು, ಆದರೆ ಹಣ ಕೊಟ್ಟವರ ಲಾಂಛನದ ಬೋರ್ಡು ಕೆರೆ ಏರಿಯ ಮೇಲೆ ಬರಬೇಕು ಅಂತ ಷರತ್ತು. ‘ಕೆರೆ ಕಟ್ಸಿದ್ ನಮ್ಮಪ್ಪದೀರು, ಬೋರ್ಡು ಅವ್ರುದಾ’ ಅಂದರು ಯುವಕ ಸಂಘದವರು. ಎಲ್ಲರ ಹೆಸರೂ ಹಾಕೋಣ ಅಂದರೆ ಯಾರದ್ದು ಮೇಲೆ? ಅಕಾರಾದಿ ಇಲ್ಲಿ ಕೆಲಸಕ್ಕೆ ಬರಲಿಲ್ಲ, ಮೀನಿನ ಸಂಘ ಕಟ್ಟಕಡೆಗೆ ಹೋಗುತ್ತಿತ್ತು. ಮೂರು ವಾರ ಎಳೆದು ಕೊನೆಗೆ ಬಂದದ್ದು ಯಾರ ಹೆಸರೂ ಇಲ್ಲದ ಬೋರ್ಡು, ಬರೀ ಹನ್ನೆರಡು ಹಕ್ಕಿಯ ಚಿತ್ರ, ಕೆಳಗೆ ಕನ್ನಡ ಹೆಸರು. ಲಾಂಛನದ ಹಣ ಹೋಯಿತು. ಬೋರ್ಡಿನ ಖರ್ಚನ್ನು ಐದು ಪಾಲು ಮಾಡಿದೆವು. ಹುಡುಗಿ ತನ್ನ ಕಚೇರಿಯಲ್ಲಿ ಏನು ಅನ್ನಿಸಿಕೊಂಡಳೋ, ನಮಗೆ ಹೇಳಲಿಲ್ಲ.

ಕಚೇರಿ ಅಲೆದಾಟವನ್ನು ಉದ್ದ ಮಾಡುವುದಿಲ್ಲ, ಓದುವವರಿಗೆಲ್ಲ ಅದರ ಅನುಭವ ಇದ್ದೇ ಇರುತ್ತದೆ. ಒಂದು ಉಪಯೋಗದ ಮಾತು ಮಾತ್ರ ಹೇಳುತ್ತೇನೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯ್ತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಮ್ಮಲ್ಲೂ ಇತ್ತು, ಕಡತದಲ್ಲಿ. ಸದಸ್ಯರಾಗಿದ್ದ ಒಬ್ಬ ಅಕ್ಕನಿಗೆ ತಾನು ಸದಸ್ಯೆ ಅನ್ನುವುದೇ ಗೊತ್ತಿರಲಿಲ್ಲ. ನಾವು ಹೋಗಿ ಹೇಳಿದಾಗ ಸೆರಗಿಗೆ ಕೈ ಒರೆಸಿಕೊಂಡು ‘ನಾನಾ?’ ಅಂದರು. ಆಮೇಲೆ ಗ್ರಾಮಸಭೆಯಲ್ಲಿ ನಮಗಿಂತ ಜೋರಾಗಿ ಮಾತಾಡಿದವರು ಅವರೇ. ಐದು ಗುಂಪಿನ ಐದು ಅರ್ಜಿಗಳಿಗೆ ಇಲ್ಲದ ತೂಕ ಆ ಸಭೆಯ ಒಂದು ಠರಾವಿಗೆ ಬಂತು. ನಕ್ಷೆ ನೋಡಿದ ಎಂಜಿನಿಯರ್ ಒಳ್ಳೆಯ ಮನುಷ್ಯ. ‘ಹಕ್ಕಿಗೋಸ್ಕರ ಕೆಲಸ ನಿಲ್ಲಿಸಿ ಅಂತ ಬಂದಿದ್ರೆ ಕಾಫಿ ಕೊಟ್ಟು ಕಳಿಸ್ತಿದ್ದೆ. ಎಲ್ಲಿಂದ ಶುರು ಮಾಡ್ಬೇಕು ಅಂತ ಕೇಳ್ತಿದ್ದೀರಲ್ಲ, ಅದನ್ನ ಮಾಡಬಹುದು’ ಅಂದರು. ಏರಿ ಮತ್ತು ತೂಬಿನ ಕಡೆಯಿಂದ ಶುರು, ಹಿನ್ನೀರಿನ ಇಳಿಜಾರನ್ನು ಮುಟ್ಟುವ ಹಾಗಿಲ್ಲ, ಆ ಕಡೆ ಕಲ್ಲು ಕಟ್ಟುವುದೂ ಬೇಡ.

ಪೂರ್ತಿ ಗೆದ್ದೆವಾ? ಇಲ್ಲ. ಫೆಬ್ರವರಿ ಕೊನೆಯಲ್ಲಿ ಎರಡು ರಾತ್ರಿ ಯಾರೋ ದಕ್ಷಿಣದ ಮೂಲೆಯನ್ನು ಆಳಕ್ಕೆ ತೋಡಿ ಲಾರಿಗೆ ತುಂಬಿದರು, ಗೋಡಲ್ಲ, ಅಡಿಯ ಮಣ್ಣು. ಬೆಳಿಗ್ಗೆ ನೋಡಿದರೆ ಗುಂಡಿ. ಯಾರು ಅಂತ ಎಲ್ಲರಿಗೂ ಗೊತ್ತು, ದೂರು ಕೊಡಲು ಮಾತ್ರ ಯಾರಿಗೂ ಧೈರ್ಯವಿಲ್ಲ. ನನಗೂ ಇರಲಿಲ್ಲ ಅಂತ ಒಪ್ಪಿಕೊಳ್ಳುತ್ತೇನೆ, ಅಂಗಡಿ ಅದೇ ರಸ್ತೆಯಲ್ಲಿದೆ. ಮೆಟ್ಟುಗಾಲು ಹಕ್ಕಿಗಳು ಹೆಚ್ಚಾಗಿ ನಿಲ್ಲುತ್ತಿದ್ದದ್ದು ಆ ಮೂಲೆಯಲ್ಲಿ. ಅದಾದ ಮೇಲಿನ ಯಾವ ಜನವರಿಯಲ್ಲೂ ಅವು ಹತ್ತರ ಮೇಲೆ ಸಿಕ್ಕಿಲ್ಲ.

ಮೀನಿನ ಸಂಘದವರ ಒಂದು ಪ್ರಶ್ನೆಗೂ ಉತ್ತರ ಕೊಡಲು ಆಗಿಲ್ಲ. ಹೆಬ್ಬಾತು ಹುಲ್ಲು ಕಾಳು ತಿಂದುಕೊಂಡು ಹೋಗುತ್ತದೆ ಸರಿ, ಹೆಜ್ಜಾರ್ಲೆ ನಾವು ಬಿಟ್ಟ ಮರಿಮೀನು ತಿನ್ನುತ್ತದಲ್ಲ, ಕೆರೆ ಗುತ್ತಿಗೆಯ ದುಡ್ಡು ಕಟ್ಟಿದವರು ನಾವು, ಅದಕ್ಕೇನು ಹೇಳ್ತೀರಿ? ಒಂದು ದಿನ ಅವರನ್ನೂ ಯುವಕರನ್ನೂ ಕರೆದುಕೊಂಡು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋದೆವು. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಯಂಗಳದ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ತೊಂಬತ್ತರ ದಶಕದಲ್ಲಿ ಮೈಸೂರಿನ ಪಕ್ಷಿಪ್ರಿಯರು ಊರಿನ ಹುಡುಗರ ಜೊತೆ ಸೇರಿ ಹೆಜ್ಜಾರ್ಲೆ ಬಳಗ ಅಂತ ಕಟ್ಟಿದರು, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುತ್ತಿದ್ದರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಹಕ್ಕಿ ಕೂರುವ ಹುಣಸೆ ಮರಕ್ಕೆ ಅರಣ್ಯ ಇಲಾಖೆಯಿಂದ ಮಾಲೀಕರಿಗೆ ಒಂದಷ್ಟು ಹಣ ಸಿಗುತ್ತದೆ. ಅಣ್ಣ ಎಲ್ಲ ಕೇಳಿಕೊಂಡು, ವಾಪಸ್ ಬರುವಾಗ ಬಸ್ಸಿನಲ್ಲಿ, ‘ಮರಕ್ಕ ಕೊಡ್ತಾರ. ಮೀನ್ಗ ಯಾರ್ ಕೊಟ್ಟಾರು’ ಅಂದರು. ಕೊಡುವವರು ಇನ್ನೂ ಸಿಕ್ಕಿಲ್ಲ. ಆದರೂ ಅವರು ನಮ್ಮ ಜೊತೆ ಇದ್ದಾರೆ. ಯಾಕೆ ಅಂತ ಕೇಳುವ ಧೈರ್ಯ ಮಾಡಿಲ್ಲ.

ಪುಸ್ತಕ ಅವರ ಮನೆಗೆ ಹೋದದ್ದು 2022ರ ಏಪ್ರಿಲ್‌ನಲ್ಲಿ. ಮೇಷ್ಟ್ರ ಮನೆಯಲ್ಲಿದ್ದರೆ ಅದು ಮೇಷ್ಟ್ರದ್ದಾಗುತ್ತದೆ, ನನ್ನ ಅಂಗಡಿಯಲ್ಲಿದ್ದರೆ ನಮ್ಮ ಬಳಗದ್ದು, ಬೆಂಗಳೂರಿಗೆ ಹೋದರೆ ಕೇಳಲೇಬೇಡಿ. ಯಾವ ಹಕ್ಕಿ ಗುಂಪಿಗೂ ಸೇರದ, ದಿನಾ ಕೆರೆಗೆ ಇಳಿಯುವ ಒಬ್ಬರ ಹತ್ತಿರ ಇರಲಿ ಅಂದವರು ಮೇಷ್ಟ್ರೇ. ಅಣ್ಣನ ಮಗಳು ಹತ್ತನೇ ಕ್ಲಾಸು ಓದುತ್ತಿದ್ದಳು, ಬರೆಯುವವಳು ಅವಳು. ಬೆಂಗಳೂರಿನ ಹುಡುಗಿ ಅವಳಿಗೆ ಹಕ್ಕಿ ದಾಖಲೆಗಳ ಜಾಲತಾಣವಾದ ಇ-ಬರ್ಡ್‌ಗೆ ಹಾಕುವುದನ್ನು ಕಲಿಸಿದಳು. ಮರುವರ್ಷ ಆಗಸ್ಟಿನಲ್ಲಿ ದೇಶದ ಹಕ್ಕಿಗಳ ಸ್ಥಿತಿಗತಿಯ ವರದಿ ಬಂತು. ಹದಿಮೂರು ಸಂಸ್ಥೆಗಳು ಸೇರಿ, 30,000 ವೀಕ್ಷಕರ ಮೂರು ಕೋಟಿ ದಾಖಲೆಗಳಿಂದ 942 ಜಾತಿಗಳ ಲೆಕ್ಕ ಹಾಕಿದ್ದು. ಮೂರು ಕೋಟಿಯಲ್ಲಿ ನಮ್ಮ ಕೆರೆಯ ಸಾಲುಗಳೂ ಒಂದಷ್ಟು ಇವೆ ಅಂತ ಅಣ್ಣನ ಮಗಳು ಇಡೀ ಕೇರಿಗೆ ಹೇಳಿಕೊಂಡು ಬಂದಳು.

ಬೆಂಗಳೂರಿನ ಮೇಡಂಗೆ ಕಳಿಸಲು ಪುಸ್ತಕದ ಫೋಟೋ ತೆಗೆಯಬೇಕಲ್ಲ, ಮೊನ್ನೆ ಅಣ್ಣನ ಮನೆಗೆ ಹೋಗಿದ್ದೆ. ರಟ್ಟು ಎಣ್ಣೆ ಹಿಡಿದಿದೆ, ನಡುಪುಟದಲ್ಲಿ ಮೀನಿನ ಪೊರೆ ಒಂದು ಒಣಗಿ ಅಂಟಿಕೊಂಡಿದೆ. ತಿರುವುತ್ತಾ ಹೋದರೆ ಕೊನೆಯ ಪುಟಗಳಲ್ಲಿ ನಾವು ಯಾರೂ ಹೇಳದ ಒಂದು ಪಟ್ಟಿ. ತಲೆಬರಹ ‘ಬಂದ ದಿನ, ಹೋದ ದಿನ’. 2022ರಿಂದ ಪ್ರತಿ ವರ್ಷ ಮೊದಲ ಹೆಬ್ಬಾತು ಇಳಿದ ತಾರೀಖು, ಕಡೆಯದು ಎದ್ದ ತಾರೀಖು. ನಾವೆಲ್ಲ ಜನವರಿಯ ಒಂದು ಬೆಳಿಗ್ಗೆ ಬಂದು ಎಣಿಸಿ ಹೋಗುವವರು, ಈ ಲೆಕ್ಕ ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ. ಇದನ್ನ ಯಾವಾಗಿಂದ ಬರೀತಿದ್ದೀಯಮ್ಮ ಅಂದೆ. ‘ಅಪ್ಪ ಹೇಳ್ತದೆ, ನಾನ್ ಬರೀತೀನಿ’ ಅಂದಳು. ಈ ವರ್ಷದ ಸಾಲಿನಲ್ಲಿ ಬಂದ ದಿನ ಇನ್ನೂ ಖಾಲಿ.

ನಿನ್ನೆ ರಾತ್ರಿ ಹತ್ತೂವರೆಗೆ ಅಣ್ಣನ ಫೋನ್ ಬಂತು. ‘ಮ್ಯಾಲೆ ಸದ್ದಾಯ್ತದ ಕನಣ್ಣ, ಅವೇಯ. ಕತ್ಲು, ಕಣ್ಗ ಬೀಳ್ತಿಲ್ಲ. ಬರೀಲಾ ಬ್ಯಾಡ್ವಾ?’

‘ಬ್ಯಾಡ, ನಾಳೆ ನೋಡ್ಬುಟ್ಟು ಬರಿ’ ಅಂದೆ.